ಯಾರದೋ ಅಕ್ಕಿ, ಯಾರದೋ ಮಗ

ಗೇಟಿನಿಂದ ಕಟ್ಟಡ ಕಾಣುವುದಿಲ್ಲ. ಮುರಕಲ್ಲಿನ ಎರಡು ಕಂಬ, ನಡುವೆ ಅರ್ಧ ತೆರೆದ ಕಬ್ಬಿಣದ ಬಾಗಿಲು, ಅದರಾಚೆ ತೆಂಗಿನ ಸಾಲು, ಸಾಲಿನ ಮಧ್ಯೆ ಏರುತ್ತ ಹೋಗುವ ಕಾಂಕ್ರೀಟು ದಾರಿ. ಕರಾವಳಿಯ ಒಂದು ಗುರುಮಠ ಇದು. ಕ್ಯಾಥೊಲಿಕ್ ಪಾದ್ರಿಗಳಾಗಲು ಬಂದ ಹುಡುಗರು ವರ್ಷಗಟ್ಟಲೆ ಇದ್ದು ಓದುವ ಜಾಗ. ಸುತ್ತಲಿನವರ ಬಾಯಲ್ಲಿ ಬರೀ ‘ಸೆಮಿನರಿ’. ಹೆಸರು ಹಾಕದಿದ್ದರೆ ಒಳ್ಳೆಯದು ಎಂದು ಒಳಗಿನವರು ಮೊದಲೇ ಹೇಳಿದ್ದರಿಂದ ಹಾಕುತ್ತಿಲ್ಲ. ಪಿಯುಸಿ ಮುಗಿಸಿ ಇಲ್ಲಿಗೆ ಬಂದ ಹುಡುಗ ಗುರುದೀಕ್ಷೆ ಪಡೆಯುವ ಹೊತ್ತಿಗೆ ಹತ್ತು ಹನ್ನೊಂದು ವರ್ಷ ಕಳೆದಿರುತ್ತದೆ. ಅಷ್ಟೂ ವರ್ಷ ಅವನ ಊಟ, ಬಟ್ಟೆ, ಪುಸ್ತಕ, ಬಸ್ ಚಾರ್ಜು, ಹಲ್ಲುನೋವಿನ ಖರ್ಚು ಯಾರು ಕೊಡುತ್ತಾರೆ? ಕೊಟ್ಟವರಿಗೆ ಏನು ಸಿಗುತ್ತದೆ? ಇದನ್ನು ತಿಳಿಯಬೇಕಿತ್ತು ನನಗೆ.

ಕರೆದೊಯ್ಯಲು ಬಂದವರು ದೇವಶಾಸ್ತ್ರದ ಮೂರನೆಯ ವರ್ಷದಲ್ಲಿರುವ ಒಬ್ಬ ಬ್ರದರ್. ಪ್ಯಾಂಟು, ಮಾಸಿದ ಟೀ ಶರ್ಟು, ರಬ್ಬರ್ ಚಪ್ಪಲಿ. ಬಿಳಿ ನಿಲುವಂಗಿ ಪೂಜೆಗೂ ಹಬ್ಬಕ್ಕೂ ಮಾತ್ರವಂತೆ. ದಾರಿಯ ತೆಂಗಿನ ಮರಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದೊಂದು ನಂಬರು ಇತ್ತು. ಮರಕ್ಕೊಬ್ಬ ದಾನಿಯೇ ಎಂದು ಕೇಳಿದೆ. “ಇಲ್ಲ ಸರ್, ಕಾಯಿ ಕೀಳುವವರ ಲೆಕ್ಕಕ್ಕೆ,” ಎಂದು ನಕ್ಕರು.

ತಿರುವು ದಾಟಿದ ಮೇಲೆ ಹೆಂಚಿನ ಮಾಡಿನ ಉದ್ದನೆಯ ಕಟ್ಟಡ. ಮುಖಮಂಟಪದ ಎಡಗೋಡೆ ತುಂಬ ಕಲ್ಲಿನ ಫಲಕಗಳು. ಕೆಲವು ಇಂಗ್ಲಿಷಿನಲ್ಲಿ, ಕೆಲವು ಕನ್ನಡ ಲಿಪಿಯ ಕೊಂಕಣಿಯಲ್ಲಿ. ಪ್ರತಿಯೊಂದರಲ್ಲೂ ಒಂದು ಹೆಸರು, ಒಂದು ಊರು, ಒಂದು ಮೊತ್ತ. ಇಲ್ಲಿಯವರು ಇದನ್ನು ‘ಬರ್ಸ್’ ಎನ್ನುತ್ತಾರೆ. ಒಂದು ಬಗೆಯ ಇಡುಗಂಟು. ಯಾರೋ ಹಣ ಇಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ಅದರ ಬಡ್ಡಿಯಲ್ಲಿ ಒಬ್ಬ ಹುಡುಗ ಓದಬೇಕು. ಅವನು ಪಾದ್ರಿಯಾಗಿ ಹೊರಟ ಮೇಲೆ ಅದೇ ಬಡ್ಡಿ ಮುಂದೆ ಬರುವ ಹುಡುಗನಿಗೆ. ಕೊಟ್ಟವರು ತೀರಿಕೊಂಡರೂ ಗಂಟು ದುಡಿಯುತ್ತಲೇ ಇರುತ್ತದೆ, ಕನಿಷ್ಠ ಲೆಕ್ಕದ ಪುಸ್ತಕದಲ್ಲಿ.

ಫಲಕಗಳನ್ನು ಓದುತ್ತ ನಿಂತೆ. ಹಳೆಯವುಗಳಲ್ಲಿ ಬೊಂಬಾಯಿ ಮತ್ತೆ ಮತ್ತೆ ಬರುತ್ತದೆ. ಆಮೇಲಿನವುಗಳಲ್ಲಿ ಕುವೈತ್, ಬಹರೈನ್, ದುಬೈ. ಕರಾವಳಿಯ ಕ್ರೈಸ್ತರು ದುಡಿಯಲು ಹೋದ ಊರುಗಳ ಪಟ್ಟಿಯನ್ನು ಈ ಗೋಡೆಯಿಂದಲೇ ಬರೆದುಕೊಳ್ಳಬಹುದು. ಬಹಳಷ್ಟು ಫಲಕಗಳು ತಾಯಿಯ ನೆನಪಿಗೆ. ತಂದೆಯ ನೆನಪಿಗೆ ಇರುವುದು ಕಡಿಮೆ. ಯಾಕೋ ತಿಳಿಯದು, ಬ್ರದರ್‌ಗೂ ತಿಳಿಯದು. ಮೂಲೆಯ ಒಂದು ಕಲ್ಲಿನಲ್ಲಿ ಅಕ್ಷರಗಳೆಲ್ಲ ಸವೆದು, ಮೊತ್ತ ಮಾತ್ರ ಓದಲು ಬರುವಂತೆ ಉಳಿದಿತ್ತು: ಒಂದು ಸಾವಿರ ರೂಪಾಯಿ. ಕೊಟ್ಟ ಕಾಲಕ್ಕೆ ಅದು ಒಂದು ಮನೆಯ ಜೀವಮಾನದ ಉಳಿತಾಯವೇ ಇರಬೇಕು. ಶೇಕಡ 7ರ ಬಡ್ಡಿ ಎಂದಿಟ್ಟುಕೊಂಡರೆ ವರ್ಷಕ್ಕೆ 70 ರೂಪಾಯಿ. ಇವತ್ತು ಅದರಲ್ಲಿ ಒಬ್ಬ ಹುಡುಗನಿಗೆ ಒಂದು ನೋಟ್‌ಬುಕ್ಕು, ಒಂದು ಪೆನ್ನು ಬಂದೀತು.

ಹಾಗಾದರೆ ಇಂಥ ಗಂಟುಗಳನ್ನು ಏನು ಮಾಡುತ್ತಾರೆ? ಚರ್ಚಿನ ಕಾನೂನಿನಲ್ಲಿ ಇದಕ್ಕೂ ದಾರಿಯಿದೆ. 1983ರ ಧರ್ಮಸಂಹಿತೆಯ ಪ್ರಕಾರ ಒಂದು ಉದ್ದೇಶಕ್ಕೆಂದು ಕೊಟ್ಟದ್ದನ್ನು ಅದಕ್ಕೇ ಬಳಸಬೇಕು, ಬೇರೆಡೆಗೆ ತಿರುಗಿಸುವಂತಿಲ್ಲ. ಆದಾಯ ಕರಗಿ ದಾನಿ ಹೇಳಿದ್ದನ್ನು ನಡೆಸಲಾಗದಂಥ ನ್ಯಾಯವಾದ, ಅನಿವಾರ್ಯ ಕಾರಣವಿದ್ದರೆ ಮಾತ್ರ ಧರ್ಮಾಧ್ಯಕ್ಷರು, ಅಂದರೆ ಬಿಷಪರು, ಸಂಬಂಧಪಟ್ಟವರನ್ನೂ ಹಣಕಾಸು ಮಂಡಳಿಯನ್ನೂ ಕೇಳಿ ಹೊಣೆಯನ್ನು ಹಗುರ ಮಾಡಬಹುದು. ಆಗ ಸಣ್ಣ ಗಂಟುಗಳು ಕೂಡಿ ಒಂದಾಗುತ್ತವೆ. ಗೋಡೆಯ ಕಲ್ಲುಗಳನ್ನು ಮಾತ್ರ ಯಾರೂ ಕೂಡಿಸುವುದಿಲ್ಲ.

“ನಿಮ್ಮ ಕಲ್ಲು ಯಾವುದು?” ಎಂದು ಬ್ರದರನ್ನು ಕೇಳಿದೆ.

“ಗೊತ್ತಿಲ್ಲ ಸರ್. ಇಂಥವರ ದುಡ್ಡಲ್ಲಿ ಇಂಥವನು ಓದ್ತಾನೆ ಅಂತ ನಮಗೆ ಹೇಳುವ ಪದ್ಧತಿ ಇಲ್ಲ.”

ನನ್ನ ತಲೆಯಲ್ಲಿದ್ದದ್ದು ವಾರಾನ್ನ. ನಮ್ಮಲ್ಲಿ ಹಿಂದಿನ ತಲೆಮಾರಿನ ಬಡ ಹುಡುಗರು ಓದಿದ್ದೇ ಹಾಗೆ. ವಾರಾನ್ನದ ಹುಡುಗನಿಗೆ ಸೋಮವಾರದ ಮನೆ ಯಾವುದು, ಬುಧವಾರದ ಮನೆ ಯಾವುದು ಎಂದು ಗೊತ್ತಿತ್ತು. ಯಾವ ಮನೆಯಲ್ಲಿ ತುಪ್ಪ ಬೀಳುತ್ತದೆ, ಯಾವ ಮನೆಯಲ್ಲಿ ಮಾತು ಬೀಳುತ್ತದೆ ಎಂಬುದೂ ಗೊತ್ತಿತ್ತು. ಮುಂದೆ ಅವನು ಅಮಲ್ದಾರನಾದರೂ ಆ ಮನೆಗಳ ಮುಂದೆ ಹಾದುಹೋಗುವಾಗ ತಲೆ ತಗ್ಗುತ್ತಿತ್ತು. ಇಲ್ಲಿ ಕೊಡುವವರ ಹೆಸರು ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತಿದೆ. ಉಣ್ಣುವವನಿಗೆ ಮಾತ್ರ ಯಾರ ಅನ್ನ ಎಂದು ಗೊತ್ತಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಮುಖಮಂಟಪದಲ್ಲಿ ನಿಂತಾಗ ನನಗೆ ತೀರ್ಮಾನಿಸಲಾಗಲಿಲ್ಲ.

ಅಲ್ಲಿಂದ ಒಳಗೆ ಉದ್ದನೆಯ ಪಡಸಾಲೆ. ಒಂದು ಬದಿಗೆ ತರಗತಿಗಳು, ಇನ್ನೊಂದು ಬದಿಗೆ ಚೌಕಟ್ಟು ಹಾಕಿದ ಚಿತ್ರಗಳು. ಹೆಚ್ಚಿನವು ಪಾದ್ರಿಗಳದ್ದು, ಗಡ್ಡದವು ಹಳೆಯವು, ಗಡ್ಡವಿಲ್ಲದವು ಹೊಸವು. ಅವುಗಳ ನಡುವೆ ಕಪ್ಪು ಬಟ್ಟೆಯ ಇಬ್ಬರು ಹೆಂಗಸರ ಚಿತ್ರ ಕಂಡು ನಿಂತೆ. ಕೆಳಗೆ ಹೆಸರುಗಳಿವೆ, ಬ್ರದರ್ ಓದಲು ಹೋಗಿ ಫ್ರೆಂಚ್ ಉಚ್ಚಾರಣೆಯಲ್ಲಿ ಎಡವಿ, “ತಾಯಿ ಮಗಳು ಸರ್,” ಎಂದಷ್ಟೇ ಹೇಳಿದರು.

ಆ ತಾಯಿ ಮಗಳು ಫ್ರಾನ್ಸಿನ ನಾರ್ಮಂಡಿಯ ಕಾನ್ ಎಂಬ ಊರಿನವರು. 1889ರಲ್ಲಿ ಜಪಾನಿನ ನಾಗಸಾಕಿಯ ಧರ್ಮಾಧ್ಯಕ್ಷರಿಂದ ಅವರಿಗೆ ಒಂದು ಪತ್ರ ಬಂತು. ಜಪಾನಿನಲ್ಲಿ ಎರಡೂವರೆ ಶತಮಾನ ಕ್ರೈಸ್ತ ಧರ್ಮಕ್ಕೆ ನಿಷೇಧವಿತ್ತು. ಪಾದ್ರಿಗಳೇ ಇಲ್ಲದೆ ಗುಟ್ಟಾಗಿ ನಂಬಿಕೆ ಉಳಿಸಿಕೊಂಡ ಮನೆಗಳಿದ್ದವು. 1873ರಲ್ಲಿ ನಿಷೇಧ ಹೋಯಿತು. ಈಗ ಅಲ್ಲಿನ ಹುಡುಗರು ಪಾದ್ರಿಗಳಾಗಬೇಕೆಂದು ಬರುತ್ತಿದ್ದಾರೆ, ಸಾಕಿ ಓದಿಸಲು ಹಣವಿಲ್ಲ, ವಾಪಸು ಕಳಿಸಬೇಕಾಗಿದೆ ಎಂಬುದು ಪತ್ರದ ಸಾರ. ತಾಯಿ ಮಗಳು ತಮ್ಮ ಕೈಯಲ್ಲಿದ್ದದ್ದು ಕೊಟ್ಟರು, ಆಮೇಲೆ ಊರೂರಿಗೆ ಬರೆದು ಎತ್ತಲು ಶುರುಮಾಡಿದರು. ದೂರದೇಶಗಳ ಗುರುಮಠಗಳಿಗೆ ಹಣ ಸೇರಿಸುವ ಸಂಘವೊಂದು ಹುಟ್ಟಿದ್ದು ಹೀಗೆ. 1922ರಲ್ಲಿ ಪೋಪರು ಅದನ್ನು ತಮ್ಮದೇ ಸಂಸ್ಥೆಯ ಅಂಗವಾಗಿ ತೆಗೆದುಕೊಂಡರು. ಮೊದಮೊದಲು ಯುರೋಪಿನ ಒಂದು ಮನೆಯವರು ಏಷ್ಯಾದ ಒಬ್ಬ ಹುಡುಗನನ್ನು ‘ದತ್ತು’ ತೆಗೆದುಕೊಳ್ಳುವ ಕ್ರಮವಿತ್ತು. ಈಗ ಎಲ್ಲ ಕಡೆಯ ಹಣ ರೋಮಿನ ಒಂದು ಸಾಮಾನ್ಯ ನಿಧಿಗೆ ಸೇರಿ, ಅಲ್ಲಿಂದ ಹಂಚಿಕೆಯಾಗುತ್ತದೆ.

ಪಕ್ಕದ ಚೌಕಟ್ಟಿನಲ್ಲಿ ಒಂದು ಗುಂಪಿನ ಫೋಟೊ, ಕೆಳಗೆ ‘ಕ್ಯಾಂಡಿ’ ಎಂದಿದೆ. ಸಿಲೋನಿನ ಕ್ಯಾಂಡಿ. 1893ರ ಜೂನ್‌ನಲ್ಲಿ ಅಂದಿನ ಪೋಪರು ಭಾರತದ ಪಾದ್ರಿಗಳು ಭಾರತದವರೇ ಆಗಬೇಕೆಂದು ಒಂದು ಸುತ್ತೋಲೆ ಬರೆದು, ಅದಕ್ಕಾಗಿ ಯುರೋಪಿನವರ ಬಳಿ ಹಣ ಕೇಳಿದರು. ಅದೇ ವರ್ಷ ಕ್ಯಾಂಡಿಯಲ್ಲಿ ಗುರುಮಠ ಶುರುವಾಯಿತು. ಭಾರತದ ಹುಡುಗರು ಕಡಲು ದಾಟಿ ಅಲ್ಲಿಗೆ ಹೋಗಿ ಓದಿದರು. 1955ರಲ್ಲಿ ಅದು ಪುಣೆಗೆ ಬಂತು. ಹೊರಗಿನವರು ಬೇಕಾಗದಿರಲಿ ಎಂದು ಹೊರಗಿನವರೇ ಕೊಟ್ಟ ಹಣ ಅದು. ಫೋಟೊದ ಹುಡುಗರೆಲ್ಲ ಗಂಭೀರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ, ಒಬ್ಬನ ಹೊರತು. ಅವನು ಪಕ್ಕದವನ ಕಾಲು ನೋಡುತ್ತಿದ್ದಾನೆ.

ಪಡಸಾಲೆಯ ತುದಿಗೆ ಚಾಪೆಲ್. ಚಪ್ಪಲಿ ಹೊರಗೆ ಬಿಟ್ಟು ಹೋದೆವು. ಒಳಗೆ ತಣ್ಣಗಿತ್ತು, ಬೆಂಚುಗಳಿಗೆ ಹೊಸದಾಗಿ ವಾರ್ನಿಷ್ ಹಚ್ಚಿದ ವಾಸನೆ. ಕಾಣಿಕೆ ಡಬ್ಬಿ ದೊಡ್ಡದಿರಬಹುದು ಎಂದುಕೊಂಡಿದ್ದೆ. ಬಾಗಿಲ ಮೂಲೆಯಲ್ಲಿ ಅಂಗೈಯಗಲದ ಮರದ ಪೆಟ್ಟಿಗೆಯೊಂದಿತ್ತು, ಬೀಗ ತುಕ್ಕು ಹಿಡಿದಿತ್ತು. ಇಲ್ಲಿ ಹೊರಗಿನವರು ಬರುವುದೇ ಕಡಿಮೆ. ಹಣ ಬೀಳುವುದು ಊರೂರಿನ ಇಗರ್ಜಿಗಳ, ಅಂದರೆ ಚರ್ಚುಗಳ, ತಟ್ಟೆಯಲ್ಲಿ. ಈಸ್ಟರ್ ಕಾಲದ ನಾಲ್ಕನೆಯ ಭಾನುವಾರ, ಒಳ್ಳೆಯ ಕುರುಬನ ಸುವಾರ್ತೆ ಓದುವ ದಿನ, 1964ರಿಂದ ಜಗತ್ತಿನಾದ್ಯಂತ ದೈವಕರೆಗಾಗಿ ಪ್ರಾರ್ಥಿಸುವ ದಿನವಾಗಿದೆ. ಅವತ್ತು ಬ್ರದರ್‌ಗಳು ಇಬ್ಬಿಬ್ಬರಾಗಿ ಇಗರ್ಜಿಗಳಿಗೆ ಹೋಗಿ ಮಾತಾಡುತ್ತಾರೆ. ತಟ್ಟೆಯ ಹಣ ಇಲ್ಲಿಗೆ ಬರುತ್ತದೆ.

ಪೂಜೆಯ ಕಾಣಿಕೆಯ ಸಂಗತಿ ನನಗೆ ಅದಕ್ಕಿಂತ ಸ್ವಾರಸ್ಯವಾಗಿ ಕಂಡಿತು. ತೀರಿಕೊಂಡ ಅಜ್ಜಿಗಾಗಿ ಒಂದು ಪೂಜೆ ಎಂದು ಜನ ಪಾದ್ರಿಗೆ ಸಣ್ಣ ಮೊತ್ತ ಕೊಡುವುದು ವಾಡಿಕೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಲೇಬೇಕು: ಯಾರಿಗಾಗಿ, ಎಷ್ಟು ಕಾಣಿಕೆ, ಪೂಜೆ ಆಯಿತೋ ಇಲ್ಲವೋ. ಭಾನುವಾರ ಪಾದ್ರಿಯೊಬ್ಬರು ಎರಡು ಮೂರು ಪೂಜೆ ಮಾಡಬಹುದು, ಆದರೆ ಆ ದಿನದ ಒಂದೇ ಕಾಣಿಕೆಯನ್ನು ಅವರು ಇಟ್ಟುಕೊಳ್ಳಬಹುದು. ಮಿಕ್ಕಿದ್ದು ಧರ್ಮಾಧ್ಯಕ್ಷರು ಹೇಳಿದ ಕೆಲಸಕ್ಕೆ ಹೋಗಬೇಕು. ಕ್ರಿಸ್ಮಸ್ ದಿನಕ್ಕೆ ಮಾತ್ರ ಈ ನಿಯಮವಿಲ್ಲ. ಅನೇಕ ಧರ್ಮಪ್ರಾಂತ್ಯಗಳಲ್ಲಿ ಆ ಕೆಲಸ ಎಂದರೆ ಗುರುಮಠವೇ. ಅಜ್ಜಿಯ ಆತ್ಮಕ್ಕೆಂದು ಮೊಮ್ಮಗಳು ಕೊಟ್ಟದ್ದು ಸುತ್ತಿ ಬಳಸಿ ಇಲ್ಲಿನ ಹುಡುಗನ ತಟ್ಟೆಗೆ ಬರುತ್ತದೆ. ಮೊಮ್ಮಗಳಿಗೆ ಅದು ತಿಳಿದೇ ಇರಲಾರದು.

ಪೂಜಾಸಾಮಗ್ರಿಯ ಕೋಣೆಯ ಬೀರುವಿನಲ್ಲಿ ಸಾಲಾಗಿ ಬಟ್ಟಲುಗಳು, ಪೂಜೆಯಲ್ಲಿ ದ್ರಾಕ್ಷಾರಸ ಸುರಿಯುವ ಎತ್ತರದ ಬಟ್ಟಲುಗಳು. ಬ್ರದರ್ ಒಂದನ್ನು ಬಿಳಿ ಬಟ್ಟೆಯಲ್ಲಿ ಹಿಡಿದು ತಲೆಕೆಳಗು ಮಾಡಿ ತೋರಿಸಿದರು. ಬುಡದ ಅಡಿಯಲ್ಲಿ ಸಣ್ಣ ಅಕ್ಷರಗಳು: ಒಂದು ಕುಟುಂಬದ ಹೆಸರು, ಒಂದು ಗುರುದೀಕ್ಷೆಯ ತಾರೀಖು. ಹೊಸ ಪಾದ್ರಿಗೆ ಮನೆಯವರೋ ಬಂಧುಗಳೋ ಬಟ್ಟಲು ಕೊಡುತ್ತಾರೆ. ಅವರ ಕಾಲಾನಂತರ ಕೆಲವು ಇಲ್ಲಿಗೆ ಮರಳುತ್ತವೆ. ಮುಖಮಂಟಪದ ಕಲ್ಲುಗಳಿಗಿಂತ ಈ ಅಡಿಬರಹ ನನಗೆ ಹೆಚ್ಚು ಹಿಡಿಸಿತು. ಬಟ್ಟಲು ನೆಟ್ಟಗಿರುವಷ್ಟು ಹೊತ್ತೂ ಕೊಟ್ಟವರ ಹೆಸರು ಯಾರಿಗೂ ಕಾಣದು.

ಮೆಟ್ಟಿಲು ಹತ್ತಿದರೆ ಲೈಬ್ರರಿ. ಹಳೆಯ ಕಾಗದದ ವಾಸನೆಯ ಜೊತೆ ಗೆದ್ದಲು ಔಷಧಿಯ ವಾಸನೆ. ಕಪಾಟಿನಿಂದ ತೆಗೆದ ಪುಸ್ತಕಗಳಲ್ಲಿ ಬಹಳಷ್ಟರ ಮೊದಲ ಪುಟದಲ್ಲಿ ಯಾರಾದರೂ ಪಾದ್ರಿಯ ಸಹಿ. ಅವರು ಹೋದ ಮೇಲೆ ಅವರ ಪುಸ್ತಕಗಳು ಇಲ್ಲಿಗೆ ಬರುತ್ತವೆ. ಕನ್ನಡದ ಕಪಾಟು ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ಅದರಲ್ಲಿ ವಚನ ಸಂಪುಟಗಳೂ ಇದ್ದವು, ಓದಿ ಸವೆದಿದ್ದವು. ಅಲ್ಲೇ ಮೇಜಿನ ಮೇಲೆ ಬ್ರದರ್ ಧರ್ಮಸಂಹಿತೆ ಬಿಡಿಸಿಟ್ಟು, ನನ್ನ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ ಎಂದರು.

ಗುರುಮಠದ ಖರ್ಚಿಗೆ ಧರ್ಮಾಧ್ಯಕ್ಷರು ತಮ್ಮ ಪ್ರಾಂತ್ಯದಲ್ಲಿ ತೆರಿಗೆ ಹಾಕಬಹುದು ಎನ್ನುತ್ತದೆ 264ನೆಯ ವಿಧಿ. ಪ್ರಾಂತ್ಯದಲ್ಲಿರುವ ಚರ್ಚಿನ ಸಂಸ್ಥೆಗಳೆಲ್ಲ ಅದಕ್ಕೆ ಒಳಪಡುತ್ತವೆ. ಬರೀ ಭಿಕ್ಷೆಯಿಂದ ನಡೆಯುವಂಥವುಗಳಿಗೆ, ಸ್ವತಃ ವಿದ್ಯಾರ್ಥಿಗಳನ್ನೋ ಅಧ್ಯಾಪಕರನ್ನೋ ಇಟ್ಟುಕೊಂಡಿರುವಂಥವುಗಳಿಗೆ ವಿನಾಯಿತಿ. ತೆರಿಗೆ ಎಲ್ಲರಿಗೂ ಒಂದೇ ನಿಯಮದ್ದಾಗಿರಬೇಕು, ಆದಾಯಕ್ಕೆ ತಕ್ಕಷ್ಟಿರಬೇಕು, ಗುರುಮಠದ ಅಗತ್ಯವನ್ನು ನೋಡಿ ಗೊತ್ತುಮಾಡಬೇಕು. ದಾನ ಹುಡುಕಿ ಬಂದ ನನಗೆ ತೆರಿಗೆಯೂ ಸಿಕ್ಕಿತು.

ಇದರ ಬೇರು ಹಳೆಯದು. 1563ರ ಜುಲೈಯಲ್ಲಿ ಟ್ರೆಂಟ್ ನಗರದ ಮಹಾಸಭೆ ಪ್ರತಿ ಧರ್ಮಪ್ರಾಂತ್ಯವೂ ಹುಡುಗರನ್ನು ಸಾಕಿ ಓದಿಸುವ ಒಂದು ಮನೆ ನಡೆಸಬೇಕೆಂದು ಕಟ್ಟಳೆ ಮಾಡಿತು. ಹುಡುಗನಿಗೆ ಹನ್ನೆರಡು ತುಂಬಿರಬೇಕು, ಓದುಬರಹ ಬರುತ್ತಿರಬೇಕು. ಬಡವರ ಮಕ್ಕಳಿಗೆ ಆದ್ಯತೆ. ಸಿರಿವಂತರ ಮಕ್ಕಳೂ ಬರಬಹುದು, ಆದರೆ ಅವರ ಖರ್ಚು ಅವರದೇ. ಹಣಕ್ಕೆ ಧರ್ಮಾಧ್ಯಕ್ಷರ ಸ್ವಂತ ಆದಾಯದಿಂದ ಹಿಡಿದು ಚರ್ಚಿನ ಎಲ್ಲ ಉಂಬಳಿಗಳಿಂದ ಒಂದೊಂದು ಪಾಲು ಕತ್ತರಿಸಬೇಕು. ಅದಕ್ಕೆ ಮುಂಚೆ ಪಾದ್ರಿಯಾಗಲು ಹೀಗೆಯೇ ಓದಿರಬೇಕೆಂಬ ಒಂದೇ ವ್ಯವಸ್ಥೆ ಇರಲಿಲ್ಲ. ಯಾರೋ ಪಾದ್ರಿಯ ಬಳಿ ಇದ್ದು ನೋಡಿ ಕಲಿತವರೇ ಹೆಚ್ಚು. ಇವತ್ತಿನ ನಿಯಮದಲ್ಲಿ ತತ್ತ್ವಶಾಸ್ತ್ರಕ್ಕೆ ಎರಡು, ದೇವಶಾಸ್ತ್ರಕ್ಕೆ ನಾಲ್ಕು, ಕನಿಷ್ಠ ಆರು ಪೂರ್ಣ ವರ್ಷ ಓದಬೇಕು. ಶುರುವಿಗೆ ತಯಾರಿಯ ಕಾಲ, ನಡುವೆ ಇಗರ್ಜಿಯಲ್ಲೋ ಶಾಲೆಯಲ್ಲೋ ಕೆಲಸ ಮಾಡುವ ರೀಜೆನ್ಸಿ, ಜೊತೆಗೆ ಒಂದು ಡಿಗ್ರಿ. ಇಪ್ಪತ್ತೈದು ತುಂಬದೆ ಗುರುದೀಕ್ಷೆ ಇಲ್ಲ. ಓದು ಉದ್ದವಾದಷ್ಟೂ ಯಾರಾದರೂ ಕೊಡುತ್ತಲೇ ಇರಬೇಕಲ್ಲ.

ಮೇಲಿನ ಮಹಡಿಯಲ್ಲಿ ಕೋಣೆಗಳು. ಬಾಗಿಲಿಗೆ ಬಾಗಿಲಿಗೆ ಸಣ್ಣ ಹಿತ್ತಾಳೆಯ ಪಟ್ಟಿ, ‘ಇಂಥವರ ನೆನಪಿಗೆ’ ಎಂದು. ಒಂದು ಕೋಣೆ ತೆರೆದಿತ್ತು: ಮಂಚ, ಮೇಜು, ಫ್ಯಾನು, ಶಿಲುಬೆ, ಬಕೆಟು, ಟೇಪು ಸುತ್ತಿದ ಕ್ರಿಕೆಟ್ ಬ್ಯಾಟು. ಅದರ ಪಕ್ಕದ್ದು ಖಾಲಿ. ಹಾಸಿಗೆ ಸುರುಳಿ ಸುತ್ತಿ ಇಟ್ಟಿತ್ತು.

“ಇಲ್ಲಿದ್ದವ ಬಿಟ್ಟು ಹೋದ ಸರ್. ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ.”

“ಅವನಿಗೆ ಆದ ಖರ್ಚು?”

“ಆಯ್ತು. ರೆಕ್ಟರ್ ಹತ್ರ ಹೇಳಿ ಹೋಗ್ತಾನೆ. ಬಿಲ್ ಯಾರೂ ಕೊಡುದಿಲ್ಲ.”

ತಮ್ಮ ಜೊತೆ ಸೇರಿದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಉಳಿದಿದ್ದಾರೆ ಎಂದರು ಬ್ರದರ್. ಹೇಳುವಾಗ ಬೇಸರವೇನೂ ಕಾಣಲಿಲ್ಲ. ಹೋದವರಲ್ಲಿ ಒಬ್ಬ ನರ್ಸ್, ಒಬ್ಬ ಲೆಕ್ಚರರ್, ಒಬ್ಬ ಹಡಗಿನಲ್ಲಿ. ಎಲ್ಲರೂ ಒಂದೇ ವಾಟ್ಸಪ್ ಗುಂಪಿನಲ್ಲಿದ್ದಾರೆ. ಕೊಟ್ಟವರ ಕಡೆಯಿಂದ ನೋಡಿದರೆ ಇದೊಂದು ನಷ್ಟದ ವ್ಯವಹಾರ. ಪಾದ್ರಿಯಾಗಲಿ ಎಂದು ಕೊಟ್ಟ ಹಣದಲ್ಲಿ ಲೆಕ್ಚರರ್ ತಯಾರಾದ. ಕೇಳಲೋ ಬೇಡವೋ ಎಂದುಕೊಂಡೇ ಇನ್ನೊಂದು ಪ್ರಶ್ನೆ ಕೇಳಿದೆ: ಬಿಟ್ಟುಬಿಡೋಣ ಎಂದು ನಿಮಗೆ ಅನ್ನಿಸಿತ್ತೇ?

ಸ್ವಲ್ಪ ತಡೆದು ಹೇಳಿದರು. “ಅನ್ನಿಸಿತ್ತು. ಆವಾಗ ಅಮ್ಮನ ಮುಖ ನೆನಪಾಯ್ತು, ನಮ್ಮೂರ ಫಾದರ್ ಮುಖ ನೆನಪಾಯ್ತು. ಅದೇ ಕಷ್ಟ. ದುಡ್ಡು ಕೊಟ್ಟವರ ಮುಖ ನನಗೆ ಗೊತ್ತೇ ಇಲ್ವಲ್ಲ ಸರ್.”

ಕೆಳಗೆ ವಾರಾನ್ನದ ಬಗ್ಗೆ ಎದ್ದ ಸಂಶಯಕ್ಕೆ ಇಲ್ಲಿ ಒಂ­ದು ಉತ್ತರ ಸಿಕ್ಕಿದಂತಾಯಿತು. ಯಾರನ್ನೂ ಯಾವ ರೀತಿಯಲ್ಲೂ ಯಾವ ಕಾರಣಕ್ಕೂ ಒತ್ತಾಯಿಸಿ ಪಾದ್ರಿ ಮಾಡಬಾರದು ಎಂದು ಆ ಧರ್ಮಸಂಹಿತೆಯಲ್ಲೇ ಬೇರೊಂದು ವಿಧಿಯಿದೆ. ಬೆದರಿಸಿದರೆ ಮಾತ್ರ ಒತ್ತಾಯವೆಂದೇನೂ ಇಲ್ಲ. ಹತ್ತು ವರ್ಷ ಉಂಡ ಋಣ ಬೆದರಿಕೆಗಿಂತ ಬಲವಾಗಿ ಒತ್ತುತ್ತದೆ. ದಾನಿಯನ್ನು ಹುಡುಗನಿಂದ ದೂರ ಇಡುವುದು ಲೆಕ್ಕದ ಅನುಕೂಲಕ್ಕೆ ಹುಟ್ಟಿದ ಪದ್ಧತಿಯೇ ಇರಬಹುದು. ಅದರ ಗುಣ ಮಾತ್ರ ಹುಡುಗನಿಗೆ ಹೋಗಲು ಬಾಗಿಲು ತೆರೆದಿಡುವುದು.

ಊಟದ ಹಾಲಿಗೆ ಇಳಿದಾಗ ಹನ್ನೆರಡು ದಾಟಿತ್ತು. ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ ಸುಣ್ಣದ ಬಳಪದಲ್ಲಿ ಅವತ್ತಿನ ಊಟ ಯಾರದು ಎಂದು ಬರೆದಿತ್ತು: ಒಂದು ಜೋಡಿಯ ಮದುವೆಯ 25ನೆಯ ವರ್ಷದ ನೆನಪಿಗೆ. ಹುಟ್ಟುಹಬ್ಬ, ಮದುವೆಯ ದಿನ, ತೀರಿಕೊಂಡವರ ದಿನ ಎಂದು ಜನ ಒಂದು ಹೊತ್ತಿನ ಊಟದ ಖರ್ಚು ಕೊಡುತ್ತಾರೆ. ಉಣ್ಣುವ ಮುಂಚೆ ಅವರಿಗಾಗಿ ಒಂದು ಪ್ರಾರ್ಥನೆ. ಕೆಲವರು ಬಂದು ಜೊತೆಗೇ ಉಣ್ಣುತ್ತಾರೆ. ಹುಡುಗರಿಗೆ ಯಾರ ಅನ್ನ ಎಂದು ತಿಳಿಯುವುದು ಇಲ್ಲಿ ಮಾತ್ರ, ಅದೂ ಒಂದು ಹೊತ್ತಿನ ಮಟ್ಟಿಗೆ.

ಅಡುಗೆಮನೆ ದೊಡ್ಡದು, ಅರ್ಧ ಕತ್ತಲೆ. ಎರಡು ಆಳೆತ್ತರದ ಹಂಡೆಗಳಲ್ಲಿ ಕುಚ್ಚಲಕ್ಕಿ ಬೇಯುತ್ತಿತ್ತು. ಅಡುಗೆಯ ಬಾಯಮ್ಮ ಮೀನು ಸಾರಿಗೆ ಹುಳಿ ಕಿವುಚುತ್ತಿದ್ದರು. ಎಷ್ಟು ಜನಕ್ಕೆ ಎಂದು ಕೇಳಿದೆ; “ಬಂದವರಿಗೆಲ್ಲ,” ಎಂದರು. ಉಗ್ರಾಣದಲ್ಲಿ ಅಕ್ಕಿ ಮೂಟೆಗಳು, ಮೂಟೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಊರಿನ ಹೆಸರು, ವಾಡೆಯ ಹೆಸರು. ಇಗರ್ಜಿಯ ಪ್ರತಿ ವಾಡೆಗೂ, ಅಂದರೆ ಕೇರಿಗೂ, ಒಬ್ಬ ಗುರಿಕಾರನಿರುತ್ತಾನೆ. ಮನೆಮನೆಯಿಂದ ಎತ್ತಿ ಕಳಿಸುವ ಕೆಲಸ ಅವನದು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಲ್ಲಿನ ಇಗರ್ಜಿಗಳಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕೊಯ್ಲಾದ ಮೇಲೆ ಗುರುಮಠದ ಪಾಲು ಮುಡಿ ಕಟ್ಟಿ ಬರುತ್ತಿತ್ತಂತೆ. ಈಗ ಮುಡಿಯಿಲ್ಲ. ಮೂಟೆಗಳ ಮೇಲೆ ಗಿರಣಿಯ ಬ್ರ್ಯಾಂಡ್ ಅಚ್ಚಾಗಿದೆ. “ಗದ್ದೆ ಎಲ್ಲಿದೆ ಈಗ? ಸೈಟ್ ಆಗಿದೆ, ಅಡಿಕೆ ಆಗಿದೆ. ಅಂಗಡಿಯಿಂದ ತಕ್ಕೊಂಡು ಕೊಡ್ತಾರೆ,” ಎಂದರು ಬಾಯಮ್ಮ. ಅಂಗಡಿಯ ಅಕ್ಕಿಯಲ್ಲಿ ಕಲ್ಲು ಕಡಿಮೆ, ಅದೊಂದು ಸುಖ ಎಂದೂ ಸೇರಿಸಿದರು.

ಮೂಲೆಯಲ್ಲಿ ಬಾಳೆಗೊನೆಗಳು ನೇತಾಡುತ್ತಿದ್ದವು. ಅವು ಯಾವುದೋ ಇಗರ್ಜಿಯ ಏಲಮ್ಮಿನಿಂದ ಬಂದವು. ಹಬ್ಬದ ಪೂಜೆ ಮುಗಿದ ಮೇಲೆ ಜನ ತಂದ ಕಾಯಿ, ಗೊನೆ, ಕೋಳಿ, ಕುಂಬಳವನ್ನು ಅಂಗಳದಲ್ಲೇ ಏಲಂ ಹಾಕುತ್ತಾರೆ. ಒಂದು ಗೊನೆಗೆ ಪೇಟೆಯ ಬೆಲೆಯ ಹತ್ತು ಪಟ್ಟು ಕೂಗುವವರಿದ್ದಾರೆ. ಕೂಗಿ ಗೆದ್ದವನು ಅದನ್ನು ಮನೆಗೆ ಒಯ್ಯದೆ ಮತ್ತೆ ಏಲಮ್ಮಿಗೆ ಬಿಡುತ್ತಾನೆ, ಇನ್ನೊಬ್ಬ ಕೂಗುತ್ತಾನೆ. ಹಣ ಇಗರ್ಜಿಗೆ, ಎಲ್ಲರ ಕೈ ದಾಟಿ ಸುಸ್ತಾದ ಗೊನೆ ಕೊನೆಗೆ ಗುರುಮಠಕ್ಕೆ. ಏಲಮ್ಮಿನಲ್ಲಿ ಪುಣ್ಯದಷ್ಟೇ ಪಂಥವೂ ಇರುತ್ತದೆ. ಹಣ ಎದ್ದು ಬರುವುದೇ ಆ ಪಂಥದಿಂದ. ಇದನ್ನು ಹೇಳುವಾಗ ಬ್ರದರ್‌ಗೆ ತಮ್ಮೂರಿನ ಏಲಂ ನೆನಪಾಗಿ, ಅವರ ಚಿಕ್ಕಪ್ಪ ಒಂದು ಹುಂಜಕ್ಕೆ ಕೂಗಿ ಮನೆಯಲ್ಲಿ ಬೈಸಿಕೊಂಡ ಕತೆ ಹೊರಬಂತು.

ಹಿತ್ತಿಲಲ್ಲಿ ದನದ ಕೊಟ್ಟಿಗೆ, ಹಂದಿಗೂಡು, ಬಸಳೆ ಚಪ್ಪರ. ಮಧ್ಯಾಹ್ನದ ಮೇಲೆ ಒಂದು ಗಂಟೆ ಹುಡುಗರೇ ಕೆಲಸ ಮಾಡುತ್ತಾರೆ. ಹೆಚ್ಚಿನದೇನೂ ನೋಡುವುದಕ್ಕಿರಲಿಲ್ಲ, ಬಿಸಿಲೂ ಜೋರಿತ್ತು.

ಕೊನೆಗೆ ಕಚೇರಿ. ಹಣಕಾಸು ನೋಡಿಕೊಳ್ಳುವ ಫಾದರನ್ನು ಇಲ್ಲಿ ‘ಪ್ರೊಕ್ಯುರೇಟರ್’ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆದಿತ್ತು. ಬಾಬ್ತುಗಳನ್ನು ಒಂದೊಂದಾಗಿ ಓದಿ ಹೇಳಿದರು: ಧರ್ಮಪ್ರಾಂತ್ಯದ ಪಾಲು, ಇಗರ್ಜಿಗಳದು, ಇಡುಗಂಟಿನ ಬಡ್ಡಿ, ದಾನಿಗಳದು, ತೋಟದ್ದು, ಮನೆಯವರದು. ಮನೆಯವರು ಕೈಲಾದಷ್ಟು ಕೊಡುತ್ತಾರೆ, ಕೈಲಾಗದಿದ್ದರೆ ಇಲ್ಲ. ಮೊತ್ತ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಹೊರದೇಶದ ಹಣದ ಮಾತು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 2010ರ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೊರಗಿನ ಹಣ ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದು ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆದರೆ ‘ಹೊರಗಿನ ಹಣ’ ಎಂಬುದನ್ನು ಗೊತ್ತುಮಾಡುವುದು ಊರಲ್ಲ, ಪೌರತ್ವ. ಕುವೈತಿನಲ್ಲಿ ಮೂವತ್ತು ವರ್ಷ ದುಡಿದವನು ಭಾರತದ ಪ್ರಜೆಯಾಗಿಯೇ ಉಳಿದಿರುತ್ತಾನೆ; ಅವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅವನ ತಮ್ಮ ಕೆನಡಾದ ಪೌರನಾಗಿದ್ದರೆ ಅವನು ಕಳಿಸುವ ನೂರು ರೂಪಾಯಿಯೂ ವಿದೇಶಿ. ಒಂದೇ ತಾಯಿಯ ನೆನಪಿಗೆ ಅಣ್ಣ ತಮ್ಮ ಸೇರಿ ಇಡುಗಂಟು ಇಡಬೇಕೆಂದರೆ ಎರಡು ಬೇರೆ ಬೇರೆ ದಾರಿಯಲ್ಲಿ ಹಣ ಬರಬೇಕು. “ಮೊದಲು ಫೋನಲ್ಲಿ ಪಾಸ್‌ಪೋರ್ಟ್ ಯಾವುದು ಅಂತ ಕೇಳ್ತೇನೆ, ಆಮೇಲೆ ಥ್ಯಾಂಕ್ಸ್ ಹೇಳ್ತೇನೆ,” ಎಂದರು.

ಈಚೆಗೆ ಕೆಲವು ದಾನಿಗಳು ಹುಡುಗನ ಫೋಟೊ ಕೇಳುತ್ತಾರಂತೆ, ವರ್ಷಕ್ಕೊಂದು ಪತ್ರ ಕೇಳುತ್ತಾರಂತೆ. ಕಳಿಸುತ್ತೀರಾ ಎಂದೆ. ಎಲ್ಲ ಹುಡುಗರೂ ಸೇರಿರುವ ಒಂದು ಗುಂಪಿನ ಫೋಟೊ ಕಳಿಸುತ್ತೇವೆ ಎಂದರು. ಯಾರು ತಮ್ಮವನೆಂದು ಅವರೇ ಊಹಿಸಿಕೊಳ್ಳಲಿ.

ಹೊರಡುವ ಮುಂಚೆ ಐದು ನೂರರ ಒಂದು ನೋಟು ಮೇಜಿನ ಮೇಲಿಟ್ಟೆ. ಪಕ್ಕದ ಮೇಜಿನ ಗುಮಾಸ್ತೆ ರಸೀದಿ ಪುಸ್ತಕ ಬಿಡಿಸಿ ಯಾವ ಬಾಬ್ತಿಗೆ ಬರೆಯಲಿ ಎಂದು ಕೇಳಿದರು.

“ಅಡುಗೆಮನೆಗೆ,” ಎಂದೆ.

ಅವರು ಪೆನ್ನು ಎತ್ತಿ ಫಾದರ್ ಕಡೆ ನೋಡಿದರು. “ಅಡುಗೆಮನೆ ಅಂತ ಬರೆದರೆ ಅಡುಗೆಮನೆಗೇ ಹೋಗಬೇಕು ಸರ್,” ಎಂದರು ಫಾದರ್. “ನಾಳೆ ಬಾವಿಯ ಪಂಪು ಕೆಟ್ಟರೆ ಅದನ್ನು ಮುಟ್ಟುವ ಹಾಗಿಲ್ಲ. ಸಾಮಾನ್ಯ ನಿಧಿ ಅಂತ ಬರೆಸಿದರೆ ನಮಗೆ ಅನುಕೂಲ.”

ಸರಿ ಎಂದೆ. ಗುಮಾಸ್ತೆ ಹಾಗೇ ಬರೆದು, ಧಾರ್ಮಿಕ ಉದ್ದೇಶದ ದೇಣಿಗೆಯಾದ್ದರಿಂದ 80ಜಿ ತೆರಿಗೆ ವಿನಾಯಿತಿ ಸಿಗದು ಎಂಬ ರಬ್ಬರ್ ಸ್ಟಾಂಪು ಒತ್ತಿ, ಚೀಟಿ ಹರಿದು ಕೊಟ್ಟರು.